ಗುಲ್ಫಿದಾನಳ ಹಾಡಿಗೆ ಅತ್ತೆಯ ಪ್ಲಾಸ್ಟರ್

"ಆ ಕುರ್ಚಿಯಲ್ಲಿ ಹಲ್ಲು ಕೀಳಿಸಿಕೊಳ್ಳೋಕೆ ಕೂರೋನಲ್ಲ ಈ ರಾಗಿಬ್, ಮೆರೆಯೋಕೆ ಕೂರೋನು!"

ಹೀಗೆಂದು ನಾನು ಘೋಷಿಸಿದಾಗ ನನ್ನ ಬಲದವಡೆಯ ಹಲ್ಲೊಂದು ಒಳಗೊಳಗೇ ನಕ್ಕಿತು. ನಕ್ಕಿತು ಎಂದರೆ, ದವಡೆಯಿಂದ ನೆತ್ತಿಯವರೆಗೆ ಕಾದ ಸಲಾಕೆಯೊಂದನ್ನು ಹಾಯಿಸಿತು. ನಾನು ಕೆನ್ನೆ ಒತ್ತಿ ಹಿಡಿದು, ರಾಜಗಾಂಭೀರ್ಯ ಬಿಡದೆ, ಬೆಂಚಿನ ಮೇಲೆ ಕೂತೆ.

ಕುರ್ಚಿಯ ಕತೆ ಮೊದಲು ಹೇಳಿಬಿಡುತ್ತೇನೆ. ನಮ್ಮ ಶುಬ್ರಾ ಬಡಾವಣೆಯ ಟ್ರಾಮ್ ಬೀದಿಯಲ್ಲಿ ಡಾಕ್ಟರ್ ನಸೀಮರ ಹಲ್ಲಿನ ದವಾಖಾನೆ ಇದೆ. ವಾರವೆಲ್ಲ ಅಲ್ಲಿಂದ ಅಳು ಕೇಳಿಸುತ್ತದೆ. ಗುರುವಾರ ಸಂಜೆ ಮಾತ್ರ ಹಾಡು. ಎರಡಕ್ಕೂ ಇರುವ ವ್ಯತ್ಯಾಸ ತಿಳಿಯದವರೂ ಬೀದಿಯಲ್ಲಿ ಇದ್ದಾರೆ, ಅವರ ಮಾತು ಬಿಡಿ. ಅಂದು ನಾವು ನಾಲ್ಕಾರು ಮಂದಿ 'ಕೇಳುಗರು' ಅಲ್ಲಿ ಸೇರುತ್ತೇವೆ. ಕಿವಿಯಿದ್ದವರೆಲ್ಲ ಕೇಳುಗರಾಗುವುದಿಲ್ಲ ಸ್ವಾಮಿ! ಕತ್ತೆಗೂ ಕಿವಿ ಇದೆ, ಅದೂ ನಮಗಿಂತ ಉದ್ದ. ಮಹಾಗಾಯಕಿ ಗುಲ್ಫಿದಾನ್ ಹಾಡಿದ್ದನ್ನು, ಅದೂ ಅಂಗಡಿಯಲ್ಲಿ ಸಿಗದ್ದನ್ನು, ರೇಡಿಯೋದಲ್ಲಿ ಬಾರದ್ದನ್ನು, ಯಾರದೋ ಮದುವೆಯಲ್ಲಿ, ಯಾರದೋ ಪಡಸಾಲೆಯಲ್ಲಿ, ಯಾವನೋ ಪುಣ್ಯಾತ್ಮ ಕಳ್ಳತನದಲ್ಲಿ ಹಿಡಿದಿಟ್ಟದ್ದನ್ನು ಕೇಳುವವನೇ ಕೇಳುಗ. ಅಂಗಡಿಯ ಕ್ಯಾಸೆಟ್ ಕೊಂಡು ಕೇಳುವವರನ್ನು ನಾವು 'ಗಿರಾಕಿಗಳು' ಎನ್ನುತ್ತೇವೆ. ರೇಡಿಯೋ ಕೇಳುವವರಿಗೆ ಇನ್ನೂ ಹೆಸರಿಟ್ಟಿಲ್ಲ; ಬೈಗುಳ ಸಾಲದಾಗಿದೆ.

ನಮ್ಮಲ್ಲೊಂದು ಕಟ್ಟಳೆ. ಇನ್ನೊಬ್ಬರ ಬಳಿ ಇಲ್ಲದ ಹಾಡನ್ನು ತಂದವನಿಗೆ ಆ ಸಂಜೆ ಹಲ್ಲಿನ ಕುರ್ಚಿಯೇ ಪೀಠ! ಡಾಕ್ಟರು ಸ್ವತಃ ಪೆಡಲ್ ಒತ್ತಿ ಕುರ್ಚಿಯನ್ನು ಮೇಲಕ್ಕೇರಿಸುತ್ತಾರೆ, ನೆತ್ತಿಯ ಮೇಲಿನ ದೀಪ ಹಚ್ಚುತ್ತಾರೆ. ಉಳಿದವರೆಲ್ಲ ರೋಗಿಗಳ ಬೆಂಚಿನಲ್ಲಿ. ನೂಲಿನಂಗಡಿಯ ಶುಕ್ರಿ ಆ ಕುರ್ಚಿಯಲ್ಲಿ ಎಷ್ಟು ಸಲ ಕೂತಿದ್ದನೆಂದರೆ, ಅದರ ಚರ್ಮಕ್ಕೆ ಅವನ ಬೆನ್ನಿನ ಅಚ್ಚು ಬಿದ್ದಿತ್ತು. ನಾನು? ಒಂದು ಸಲವೂ ಇಲ್ಲ! ನನ್ನ ಹತ್ತಿರ ಇದ್ದದ್ದೆಲ್ಲ ಶುಕ್ರಿಯ ಹತ್ತಿರವೂ ಇತ್ತು, ಶುಕ್ರಿಯದ್ದು ನನ್ನ ಹತ್ತಿರ ಇರಲಿಲ್ಲ.

"ನಿನ್ನ ಹಲ್ಲು ಕೊಳೆತಿದೆ ರಾಗಿಬ್. ನಾಳೆ ಬೆಳಿಗ್ಗೆ ಬಾ, ಕುರ್ಚಿ ಖಾಲಿ ಇರುತ್ತೆ," ಎಂದು ಡಾಕ್ಟರ್ ನಸೀಮರು ಕರೆದದ್ದೂ ಉಂಟು. ರೋಗಿಯಾಗಿ ಆ ಸಿಂಹಾಸನ ಏರುವುದೇ? ಛೀ! ಅಂದೇ ನಾನು ಮೇಲೆ ಹೇಳಿದ ಪ್ರತಿಜ್ಞೆ ಮಾಡಿದ್ದು. ಹಿರಿಯರಾದ ವಹ್ಬಿ ಎಫೆಂದಿಯವರು ಕಣ್ಣು ಮುಚ್ಚಿಕೊಂಡೇ "ಹೂಂ" ಎಂದರು. ಅವರು ಬಹಳ ವರ್ಷಗಳಿಂದ ಏನು ಕೇಳಿದರೂ "ಹೂಂ" ಎಂದೇ ಅನ್ನುತ್ತಿದ್ದರು. ಒಂದು ಹಾಡು ಕೇಳಿ ಅವರ ಬಾಯಿಂದ "ಅಲ್ಲಾಹ್!" ಹೊರಟರೆ ಆ ಹಾಡು ಧನ್ಯ, ತಂದವನು ಧನ್ಯ. ಕೊನೆಯ ಸಲ ಅದು ಹೊರಟದ್ದು ಯಾವಾಗ ಎಂಬುದರ ಮೇಲೆ ನಮ್ಮಲ್ಲಿ ಎರಡು ಪಂಗಡಗಳಿದ್ದವು.

ಮನೆಯಲ್ಲಿ ನನ್ನ ಸಂಗ್ರಹದ ಬಗ್ಗೆ ಅಷ್ಟು ಗೌರವ ಇರಲಿಲ್ಲ. ಕಪಾಟಿನಿಂದ ಹೆಂಡತಿ ಎತಿದಾಲಳ ಉಡುಪುಗಳು ಹೊರಬಿದ್ದು ಕ್ಯಾಸೆಟ್‌ಗಳು ಒಳಸೇರಿದ್ದವು. ಮಂಚದ ಕೆಳಗೆ ಕ್ಯಾಸೆಟ್. ಒಲೆಯ ಕೆಳಗಿನ ಗೂಡಿನಲ್ಲಿ ಕ್ಯಾಸೆಟ್. ಒಂದು ದಿನ ಅವಳು ಆ ಗೂಡಿಗೆ ಬೆಂಕಿ ಹಚ್ಚಿ ಮೀನು ಸುಡಲು ಹೊರಟಾಗ ನಾನು ಅಡ್ಡ ಮಲಗಿ ಗುಲ್ಫಿದಾನಳನ್ನು ಉಳಿಸಿಕೊಂಡೆ.

"ಅಲ್ಲಾರೀ, ಇಷ್ಟೆಲ್ಲ ಗುಡ್ಡೆ ಹಾಕಿದೀರಲ್ಲ, ಕೇಳೋದು ಯಾವಾಗ?"

"ಅಪರೂಪದ ಟೇಪನ್ನ ಸುಮ್ಮನೆ ಕೇಳೋದಲ್ಲ ಎತಿದಾಲ್! ಪ್ರತಿ ಸಲ ಓಡಿಸಿದಾಗಲೂ ಅದು ಸವೆಯುತ್ತೆ."

"ಹಾಗಾದ್ರೆ ಕೇಳದೇ ಇಡೋಕೆ ತಂದಿರೋದು?"

"ಒಂದು ಸಲ ಕೇಳ್ತೀನಿ. ಗುರುತು ಹಾಕ್ಕೊಳ್ಳೋಕೆ. ಯಾವ ಊರಿನ ಸಭೆ, ಕೊಳಲು ಯಾರದು, ಮುಂದಿನ ಸಾಲಲ್ಲಿ ಕೆಮ್ಮಿದ್ದು ಯಾರು..."

"ಕೆಮ್ಮಿದ್ದು!"

"ಮತ್ತೆ? ಕೆಮ್ಮಿನಿಂದಲೇ ಅಲ್ವಾ ಇದು ತಾಂತಾದ್ದೋ ಮನ್ಸೂರಾದ್ದೋ ಅಂತ ತಿಳಿಯೋದು!"

ಅವಳು ಅಡುಗೆಮನೆಯ ಕಟ್ಟೆಯ ಮೇಲಿನ ಹಳೇ ರೇಡಿಯೋದ ಕಿವಿ ಹಿಂಡಿದಳು. ಅಲ್ಲಿ ಗುಲ್ಫಿದಾನ್ ಹಾಡುತ್ತಿದ್ದಳು, ಊರೆಲ್ಲ ಬಲ್ಲ ಆ ಹಾಡನ್ನೇ: "ಬರ್ತೀನಿ ಅಂದಿದ್ದೆ..." ಎತಿದಾಲ್ ಅರ್ಧಚಂದ್ರದಂಥ ಸೊಪ್ಪುಗತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು, ತಾಳಕ್ಕೆ ಸರಿಯಾಗಿ, ಮುಲೂಖಿಯಾ ಸೊಪ್ಪನ್ನು ಟಕಟಕ ಟಕಟಕ ಹೆಚ್ಚುತ್ತ ಗುನುಗಿದಳು. "ನೋಡಿ, ಅವಳ ಹಾಡಿಗೆ ನಾನು ಸೊಪ್ಪು ಹೆಚ್ಚುತೀನಿ. ನೀವು ಹಾಡನ್ನೇ ಹೆಚ್ಚುತೀರಿ," ಎಂದಳು.

ನಾನು ಕನಿಕರದಿಂದ ನಕ್ಕೆ. ರೇಡಿಯೋ ಕೇಳುವವರಿಗೆ ಏನು ಉತ್ತರ ಕೊಡುವುದು?

ಇಂಥ ಸಂಸಾರದಲ್ಲಿದ್ದೂ ನನ್ನ ತಪಸ್ಸು ಫಲಿಸಿತು. ತಾಂತಾದ ಹತ್ತಿ ವ್ಯಾಪಾರಿಯೊಬ್ಬನ ಮಗಳ ಮದುವೆಯಲ್ಲಿ ಗುಲ್ಫಿದಾನ್ ಇದೇ ಹಾಡು ಹಾಡುವಾಗ, 'ಬರ್ತೀನಿ ಅಂದಿದ್ದೆ' ಎಂಬ ಸಾಲಿಗೆ ಬಂದು ಅಲ್ಲೇ ಸಿಕ್ಕಿಕೊಂಡಳಂತೆ. ಮುಂದಕ್ಕೆ ಹೋಗಲೊಲ್ಲಳು! ಒಂದು ಸಲ ಬೇಡಿಕೊಂಡು, ಒಂದು ಸಲ ಸಿಟ್ಟಾಗಿ, ಒಂದು ಸಲ ನಕ್ಕು, ಅದೇ ಸಾಲನ್ನು ತಿರುಗಿಸಿ ಮುರುಗಿಸಿ ಹಾಡುತ್ತಲೇ ಇದ್ದಳಂತೆ; ಮದುವೆಯೂಟ ತಣ್ಣಗಾಯಿತಂತೆ, ಮದುಮಗ ತೂಕಡಿಸಿದನಂತೆ. ಇದು ಕೇಳುಗರ ಲೋಕದಲ್ಲಿ ದಂತಕತೆಯಾಗಿ ಓಡಾಡುತ್ತಿದ್ದ ಸುದ್ದಿ. ಅದರ ಟೇಪು ಆ ವ್ಯಾಪಾರಿಯ ಮೊಮ್ಮಗನ ಬಳಿ ಇದೆಯೆಂಬುದು ನನಗೊಬ್ಬನಿಗೇ ತಿಳಿಯಿತು. ಅವನಿಗೆ ಹಾಡಿನ ಗಂಧವೇ ಇಲ್ಲ. ಕಾಲ್ಚೆಂಡಾಟದ ವರ್ಣನೆ ಕೇಳಲು ಒಂದು ರೇಡಿಯೋ ಬೇಕಾಗಿತ್ತು.

ಸಂಜೆ ಎತಿದಾಲ್ ಅಡುಗೆಮನೆಯಿಂದ ಕೂಗಿದಳು. "ಏನ್ರೀ, ರೇಡಿಯೋ ಎಲ್ಲಿ?"

"ಅದು... ರಿಪೇರಿಗೆ."

"ಕೆಟ್ಟಿರಲಿಲ್ಲವಲ್ಲ!"

"ಕೆಡೋಕೆ ಮೊದಲೇ ಕೊಟ್ಟರೆ ಒಳ್ಳೇದು ಅಂತ."

ಅವಳು ನನ್ನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಕ್ಯಾಸೆಟ್ ನೋಡಿದಳು, ಕಟ್ಟೆಯ ಮೇಲೆ ರೇಡಿಯೋ ಇದ್ದ ಜಾಗದಲ್ಲಿ ಉಳಿದ ಚೌಕಾಕಾರದ ಧೂಳು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿಯಿಂದ ಮೂರು ಹೊತ್ತೂ ಬರೀ ಬೇಯಿಸಿದ ಅವರೆಕಾಳು!

ಟೇಪನ್ನು ಒಂದೇ ಒಂದು ಸಲ, ಪೆನ್ಸಿಲ್ ಹಿಡಿದು, ಆ ಪ್ರಸಿದ್ಧ ಸಾಲು ಶುರುವಾಗುವ ತನಕ ಮಾತ್ರ ಓಡಿಸಿ ಪರೀಕ್ಷಿಸಿದೆ. ಕೆಮ್ಮುಗಳು ಅಸಲಿ. ತಟ್ಟೆ ಬಿದ್ದ ಸದ್ದು ಅಸಲಿ. ಹಿತ್ತಲಲ್ಲಿ ಕೂಗಿದ ನವಿಲು ಅಪ್ಪಟ ತಾಂತಾದ್ದು! ಉಳಿದದ್ದನ್ನು ಸಿಂಹಾಸನದ ಮೇಲೆ ಕೂತೇ ಕೇಳಬೇಕೆಂದು ಅಲ್ಲಿಗೇ ನಿಲ್ಲಿಸಿ, ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಕಿವಿಗಳನ್ನು ಮುರಿದೆ. ಆ ಕಿವಿ ಮುರಿದರೆ ಅದರ ಮೇಲೆ ಯಾರೂ ಬೇರೇನೂ ತುಂಬಲಾಗದು. ಕೋಟೆಗೆ ಅಗಳಿ ಹಾಕಿದ ಹಾಗೆ.

ಆದರೆ ಶುಕ್ರಿ ಇದ್ದಾನಲ್ಲ! ಅವನಿಗೆ ಹೇಗೋ ವಾಸನೆ ಹತ್ತಿತು. ಬೆಳಿಗ್ಗೆ "ಸಕ್ಕರೆ ಇದೆಯಾ?" ಎಂದು ಬಂದ. ಮಧ್ಯಾಹ್ನ "ಸಕ್ಕರೆ ಹೆಚ್ಚಾಯ್ತು" ಎಂದು ವಾಪಸು ತಂದ. ಅವನ ಕೋಟಿನ ಜೇಬಿನಲ್ಲಿ ಅಂಗೈಯಗಲದ ರೆಕಾರ್ಡರ್ ಒಂದು ಹಾವಾಡಿಗನ ಬುಟ್ಟಿಯ ಹಾವಿನಂತೆ ಯಾವಾಗಲೂ ಸಿದ್ಧವಾಗಿರುತ್ತದೆ. ನೀವು ಅವನ ಮುಂದೆ ಸೀನಿದರೂ ಅದರ ನಕಲು ಅವನ ಬಳಿ ಇರುತ್ತದೆ. ಅವನು ನಮ್ಮ ಕಪಾಟು, ಮಂಚ, ಒಲೆ ಎಲ್ಲದರ ಕಡೆ ಕಣ್ಣಾಡಿಸುವಾಗ ನಾನು ಯೋಚಿಸಿದೆ: ಟೇಪನ್ನು ಎಲ್ಲಿ ಅಡಗಿಸಿಟ್ಟರೆ ಯಾವ ಕೇಳುಗನೂ ಮುಟ್ಟಲಾರ?

ಹೊಳೆಯಿತು! ಅತ್ತೆಯ ಬಿಸ್ಕತ್ತಿನ ಡಬ್ಬಿ!

ನಮ್ಮ ಅತ್ತೆ ತಫೀದಾ ಹಾಜಮ್ಮನವರು ನಮ್ಮ ಜೊತೆಯಲ್ಲೇ ಇರುತ್ತಾರೆ. ಅವರ ಒಬ್ಬನೇ ಮಗ ಬಯೂಮಿ ಕುವೈತಿನಲ್ಲಿ ಕಟ್ಟಡಗಳಿಗೆ ಟೈಲ್ಸ್ ಹಾಕುತ್ತಾನೆ. ಅತ್ತೆಗೆ ಬರೆಯಲು ಬರದು, ಬಯೂಮಿಗೆ ಓದಲು ಬೇಸರ. ಹಾಗಾಗಿ ಶುಬ್ರಾದ ಅರ್ಧ ಮನೆಗಳಂತೆ ನಮ್ಮಲ್ಲೂ ಕಾಗದ ಎಂದರೆ ಕ್ಯಾಸೆಟ್. ಅದಕ್ಕೆ ಹೇಳುವುದನ್ನೆಲ್ಲ ಹೇಳಿ, ಕುವೈತಿಗೆ ಹೊರಟವರ ಕೈಯಲ್ಲಿ ಕೊಟ್ಟುಬಿಟ್ಟರಾಯಿತು. ಮುದ್ದೂ ಬೈಗುಳವೂ ಬಿಸಿ ಆರದೆ ತಲುಪುತ್ತದೆ. ಅತ್ತೆ ಹೊಸ ಕ್ಯಾಸೆಟ್ ಕೇಳಿದಾಗಲೆಲ್ಲ ನಾನು, ಹೊಸದೆಲ್ಲ ಗುಲ್ಫಿದಾನಳಿಗೇ ಬೇಕಾದ್ದರಿಂದ, ಹಳೆಯದನ್ನೇ ಕೊಟ್ಟು ಒಂದು ಉಪಾಯ ಕಲಿಸಿದ್ದೆ. "ನೋಡಿ ಅತ್ತೆ, ಕಿವಿ ಮುರಿದಿದ್ರೂ ಚಿಂತೆ ಇಲ್ಲ. ಆ ತೂತಿನ ಮೇಲೆ ಗಾಯಕ್ಕೆ ಹಚ್ಚೋ ಪ್ಲಾಸ್ಟರ್ ಒಂದು ತುಂಡು ಅಂಟಿಸಿ. ಮತ್ತೆ ತುಂಬಬಹುದು!" ಅತ್ತೆ ಆ ದಿನ ಮೊಟ್ಟಮೊದಲ ಬಾರಿಗೆ ನನ್ನನ್ನು ಹೊಗಳಿದ್ದರು.

ಈಗ ನಿಮಗೆ ತಿಳಿಯಿತಲ್ಲ? ನನಗೆ ತಿಳಿಯಲಿಲ್ಲ. ನಾನು ಗುಲ್ಫಿದಾನಳನ್ನು ಅತ್ತೆಯ ಡಬ್ಬಿಯಲ್ಲಿ, ಬಯೂಮಿಯ ಹಳೇ ಟೇಪುಗಳ ನಡುವೆ ಮಲಗಿಸಿ, ಮೀಸೆ ತಿರುವಿಕೊಂಡು ಕಚೇರಿಗೆ ಹೋದೆ.

ಗುರುವಾರ ಬಂತು. ಬೂಟಿಗೆ ಪಾಲಿಶ್, ತಲೆಗೆ ಎಣ್ಣೆ, ಹಲ್ಲಿಗೆ ಲವಂಗ. ಅತ್ತೆ ಮಗ್ಗುಲು ಮನೆಗೆ ಹೋಗಿದ್ದ ಹೊತ್ತು ನೋಡಿ ಡಬ್ಬಿಗೆ ಕೈ ಹಾಕಿ, ಗುರುತಿನ ಕ್ಯಾಸೆಟ್ ಸೆಳೆದು, ಬೆನ್ನು ತಿರುಗಿಸಿ ನೋಡದೆಯೇ ಎದೆಯ ಜೇಬಿಗಿಳಿಸಿದೆ. ದವಾಖಾನೆಯಲ್ಲಿ ನಾನು ಟೇಪಿನ ಹೆಸರು ಹೇಳಿದ ಕೂಡಲೇ ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು!

"ತಾಂತಾದ ಮದುವೆಯದ್ದು?" ಎಂದರು ಡಾಕ್ಟರ್ ನಸೀಮ್.

"ತಾಂತಾದ ಮದುವೆಯದ್ದು."

"ಸುಳ್ಳು!" ಎಂದ ಶುಕ್ರಿ. ಆದರೆ ಅವನ ಬೆನ್ನು ಕುರ್ಚಿಯಿಂದ ತಾನಾಗಿಯೇ ಎದ್ದಿತ್ತು.

ನಾನು ಏರಿದೆ! ಡಾಕ್ಟರು ಪೆಡಲ್ ಒತ್ತಿದರು, ಗುಸ್ ಗುಸ್ ಎಂದು ಕುರ್ಚಿ ಮೇಲೇರಿತು. ನೆತ್ತಿಯ ಮೇಲೆ ದೀಪ ಬೆಳಗಿತು. ಗೋಡೆಯ ಮೇಲಿನ ದವಡೆಯ ಚಿತ್ರಪಟ ನನಗೆ ಛತ್ರ ಹಿಡಿದಂತೆ ಕಂಡಿತು. ನಾನು ಭಾಷಣ ಶುರು ಮಾಡಿದೆ. "ಮಿತ್ರರೇ! ಹಾಡನ್ನು ಎಲ್ಲರೂ ಕೇಳುತ್ತಾರೆ. ಆದರೆ ಆನಂದ? ಆನಂದ ಇರುವುದು ಇತರರ ಬಳಿ ಇಲ್ಲದ ಹಾಡಿನಲ್ಲಿ! ಒಬ್ಬನೇ ಕುಡಿಯುವ ಬಾವಿಯ ನೀರು..."

"ರಾಗಿಬ್, ಇದರ ಬೆನ್ನಿಗೇನು ಪ್ಲಾಸ್ಟರ್?" ಡಾಕ್ಟರು ಕ್ಯಾಸೆಟ್ ತಿರುಗಿಸಿ ನೋಡುತ್ತಿದ್ದರು.

ಕುರ್ಚಿಯ ಅಮಲು ಸ್ವಾಮಿ, ಕುರ್ಚಿಯ ಅಮಲು! "ಹಳೇ ಟೇಪಲ್ಲವೇ ಡಾಕ್ಟರೇ," ಎಂದೆ ಗಂಭೀರವಾಗಿ, "ಗಾಯಗಳು ಇರುತ್ತವೆ."

ಅವರು ಟೇಪನ್ನು ಆರಂಭಕ್ಕೆ ಸುತ್ತಿ, ಗುಂಡಿ ಒತ್ತಿದರು. ತಂತಿವಾದ್ಯಗಳು ಎದ್ದವು. ಮೊದಲ ಕೆಮ್ಮಿಗೆ ಶುಕ್ರಿಯ ಮುಖ ಬಿಳುಚಿತು. ತಟ್ಟೆ ಬಿತ್ತು, ಎಲ್ಲರೂ ನನ್ನ ಕಡೆ ನೋಡಿದರು. ನವಿಲು ಕೂಗಿತು, ನಾನು ವಿನಯದಿಂದ ಕಣ್ಣು ಮುಚ್ಚಿದೆ. ಗುಲ್ಫಿದಾನ್ ದನಿ ತೆಗೆದಳು. ಏರಿದಳು, ಇಳಿದಳು, ತಿರುಗಿ ಆ ಸಾಲಿನ ಹೊಸ್ತಿಲಿಗೆ ಬಂದು ನಿಂತಳು. "ಬರ್ತೀನಿ..."

ಕರ್ರ್‌ಕ್!

"ಬಯೂಮೀ! ನನ್ನ ಕಂದಾ! ಏ ಎತಿದಾಲ್, ಕೆಂಪು ದೀಪ ಉರೀತಿದೆಯೇನೇ? ನಿಜವಾಗ್ಲೂ? ಹಾಂ. ಬಯೂಮೀ, ನಾನು ಕಣಪ್ಪಾ ಅಮ್ಮ, ಮಾತಾಡ್ತಿರೋದು."

ನಾನು ಇಳಿಯಲು ನೋಡಿದೆ. ಆದರೆ ಕುರ್ಚಿ ಆಕಾಶದಲ್ಲಿತ್ತು, ಪೆಡಲ್ ಪಾತಾಳದಲ್ಲಿ.

"ನಾನು ಚೆನ್ನಾಗಿದೀನಿ. ಚೆನ್ನಾಗಿದೀನಿ ಅಂತ ಹೇಳ್ತಿದೀನಿ, ಅಷ್ಟೇ. ನಿನ್ನ ಭಾವನೂ ಚೆನ್ನಾಗಿದಾನೆ. ಅವನಿಗೇನು ಬಂದಿದೆ ಧಾಡಿ! ಮನೇಲಿದ್ದ ಒಂದು ರೇಡಿಯೋನೂ ಯಾವನಿಗೋ ಕೊಟ್ಟುಬಂದ. ಬದಲಿಗೆ ಏನು ತಂದ ಗೊತ್ತಾ? ಒಂದು ಪೆಟ್ಟಿಗೆ ಕೆಮ್ಮು! ಸತ್ತು ಮಣ್ಣಾದೋರ ಕೆಮ್ಮು ಕಣೋ! ಕಿವಿ ಅಂಟಿಸ್ಕೊಂಡು ಅದನ್ನೇ ಕೇಳ್ತಾನೆ. ಮೊನ್ನೆ ನನಗೆ ಕೆಮ್ಮು ಹತ್ತಿ ಪ್ರಾಣ ಹೋಗೋ ಹಾಗಾಯ್ತು. 'ಅತ್ತೆ, ಒಂದು ಲೋಟ ನೀರು ಕೊಡಲಾ' ಅಂದನಾ? ಇಲ್ಲ! 'ಸದ್ದು ಮಾಡಬೇಡಿ ಅತ್ತೆ, ಕೆಮ್ಮು ಕೇಳಿಸ್ತಿಲ್ಲ' ಅಂದ!"

ಬೆಂಚು ಅಲುಗಾಡಿತು. ಡಾಕ್ಟರ್ ನಸೀಮರು ಬಿಳಿ ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡಿದ್ದರು. ಶುಕ್ರಿ ಗೋಡೆಗೆ ಒರಗಿ, ಹೊಟ್ಟೆ ಹಿಡಿದು, ಜಾರಿ ಜಾರಿ ನೆಲ ಮುಟ್ಟಿದ್ದ.

"ನಿಲ್ಲಿಸಿ!" ಎಂದು ಮೇಲಿನಿಂದ ಕೂಗಿದೆ.

"ಶ್ಶ್!" ಎಂದರು ವಹ್ಬಿ ಎಫೆಂದಿ. ಅವರು ಕಣ್ಣು ಬಿಟ್ಟಿದ್ದರು.

ಟೇಪಿನಲ್ಲಿ ಅತ್ತೆಯ ದನಿ ತುಸು ತಗ್ಗಿತ್ತು. "ಅದೆಲ್ಲ ಇರಲಿ. ನೀನು ಬರ್ತೀನಿ ಅಂದಿದ್ದೆ. ದೊಡ್ಡ ಹಬ್ಬಕ್ಕೆ ಬರ್ತೀನಿ ಅಂದಿದ್ದೆ. ಕುರಿ ತಲೆ ತೆಗೆದಿಟ್ಟಿದ್ದೆ ನಿನಗೆ ಅಂತ. ಆಮೇಲೆ ಸಣ್ಣ ಹಬ್ಬಕ್ಕೆ... ಆಗಲೂ ಬರ್ತೀನಿ ಅಂದಿದ್ದೆ! ಕಹ್ಕ್ ಬಿಸ್ಕತ್ತು ಮಾಡಿ ಡಬ್ಬಿ ತುಂಬಿಸಿಟ್ಟೆ. ಕೊನೆಗೆ ಡಬ್ಬಿ ಖಾಲಿಯಾಗಿ ಅದರಲ್ಲಿ ನಿನ್ನ ಟೇಪೇ ತುಂಬಿದೀನಿ." ಒಂದು ಸಣ್ಣ ನಗು. "ಬರ್ತೀನಿ ಅಂದಿದ್ದೆ ಕಣೋ."

ಆ ಮಾತಿನ ಹಿಂದೆ, ದೂರದಲ್ಲಿ, ಸೊಪ್ಪುಗತ್ತಿಯ ಸದ್ದು. ಟಕಟಕ ಟಕಟಕ. ಅದರೊಂದಿಗೆ ಎತಿದಾಲ್ ಗುನುಗುತ್ತಿದ್ದಳು, ಗುಲ್ಫಿದಾನಳ ಅದೇ ಸಾಲನ್ನು. ರೇಡಿಯೋ ಇಲ್ಲದ ಅಡುಗೆಮನೆಯಲ್ಲಿ ನೆನಪಿನಿಂದಲೇ ಹಾಡಿಕೊಳ್ಳುತ್ತಿದ್ದಳು. ಗುಲ್ಫಿದಾನ್ ಬಿಟ್ಟುಹೋದಲ್ಲಿಂದ ಎತ್ತಿಕೊಂಡು, ಸಾಲನ್ನು ಎಲ್ಲಿ ಇಳಿಸಬೇಕೋ ಅಲ್ಲಿ ಸರಿಯಾಗಿ ಇಳಿಸಿದಳು.

"ಅಲ್ಲಾಹ್!"

ಕೂಗಿದ್ದು ವಹ್ಬಿ ಎಫೆಂದಿ! ಬೆಂಚಿನಿಂದ ಎದ್ದು ನಿಂತಿದ್ದರು. "ಇನ್ನೊಮ್ಮೆ! ಆ ಕೊನೇ ಸಾಲು ಇನ್ನೊಮ್ಮೆ ಹಾಕಪ್ಪಾ!"

"ಗುಲ್ಫಿದಾನಳದ್ದಾ ಎಫೆಂದಿಯವರೇ?"

"ಯಾವ ಗುಲ್ಫಿದಾನ್? ಅತ್ತೆಯದು!"

ಹಾಕಿದರು. ಮತ್ತೊಮ್ಮೆ ಹಾಕಿದರು. ನಗುತ್ತ ನೆಲ ಸೇರಿದ್ದ ಶುಕ್ರಿ ಅಲ್ಲೇ ಕೂತು ಕಣ್ಣೊರೆಸಿಕೊಂಡ. ಅವನ ಅಣ್ಣ ಲಿಬಿಯಾದಲ್ಲಿದ್ದಾನೆ. ಆಮೇಲೆ ಅವನ ಕೋಟಿನ ಜೇಬಿನಿಂದ 'ಟಕ್' ಎಂಬ ಸದ್ದು ಬಂತು. ಸಭೆಯ ತೀರ್ಪೂ ಹೊರಬಿತ್ತು: ಧ್ವನಿಮುದ್ರಿಕೆ ನಿಸ್ಸಂಶಯವಾಗಿ ಅಪ್ರಕಟಿತ, ಲೋಕದಲ್ಲಿ ಇದೊಂದೇ ಪ್ರತಿ, ಆದರೆ ತಂದವನಿಗೆ ಅದು ಏನೆಂದೇ ಗೊತ್ತಿರಲಿಲ್ಲವಾದ್ದರಿಂದ ಕುರ್ಚಿ ರದ್ದು! ಡಾಕ್ಟರು ಪೆಡಲ್ ಒತ್ತಿದರು. ನಾನು ಗುಸ್ಸೆಂದು ಭೂಮಿಗಿಳಿದೆ.

ಟೇಪನ್ನು ಮುಷ್ಟಿಯಲ್ಲಿ ಹಿಡಿದು, ಅತ್ತೆಯ ಮೇಲೆ ಯುದ್ಧ ಸಾರಲು ಮನೆಗೆ ನುಗ್ಗಿದೆ. ಅಲ್ಲಿ ನನಗಿಂತ ಮೊದಲೇ ಯುದ್ಧ ಶುರುವಾಗಿತ್ತು. ಡಬ್ಬಿ ಬೋರಲು ಬಿದ್ದಿತ್ತು. ಬಾಗಿಲಲ್ಲಿ ಮೇಲಿನ ಮನೆಯವರ ಅಳಿಯ ಸೂಟ್‌ಕೇಸ್ ಸಮೇತ ನಿಂತಿದ್ದ; ಅವನಿಗೆ ಕುವೈತಿನ ವಿಮಾನಕ್ಕೆ ಹೊತ್ತಾಗಿತ್ತು. ನಡುವೆ ಅತ್ತೆ, ಸೊಂಟಕ್ಕೆ ಕೈಕೊಟ್ಟು!

"ನನ್ನ ಕಾಗದ ಕದ್ದೋನು ಯಾವನು?"

"ನನ್ನ ಗುಲ್ಫಿದಾನಳನ್ನ ಕೊಂದೋರು ಯಾರು ಅತ್ತೆ?"

"ನನ್ನ ಡಬ್ಬೀಲಿತ್ತು, ನಾನು ಮಾತಾಡ್ದೆ. ನನ್ನ ಡಬ್ಬೀಲಿ ಇಲ್ಲಾಂದ್ರೆ ನಿನ್ನ ಜೇಬಲ್ಲಿ ಹುಡುಕಬೇಕಾ? ಕೊಡೋ ಇಲ್ಲಿ!"

"ಕಿವಿ ಮುರಿದಿದ್ದೆ ಅತ್ತೆ! ಕಿವಿ ಮುರಿದ ಟೇಪಿನ ಮೇಲೆ ಹೇಗೆ ತುಂಬಿದಿರಿ?"

ಎತಿದಾಲ್ ಉತ್ತರಿಸಿದಳು, ಬಹಳ ಸಾವಧಾನವಾಗಿ. "ಪ್ಲಾಸ್ಟರ್ ಹಚ್ಚೋದನ್ನ ಅಮ್ಮನಿಗೆ ಯಾರು ಕಲಿಸಿದ್ದು?"

ಮೇಲಿನ ಮನೆಯ ಅಳಿಯ ನನ್ನ ಕೈಯಿಂದ ಟೇಪು ತೆಗೆದುಕೊಂಡು ಸೂಟ್‌ಕೇಸಿಗೆ ಹಾಕಿಕೊಂಡ. ನನ್ನ ಬೆರಳುಗಳು ತಾವಾಗಿಯೇ ಬಿಟ್ಟುಕೊಟ್ಟವು. ಗುಲ್ಫಿದಾನಳ ಅಳಿದುಳಿದ ತುಣುಕೂ ಕುವೈತಿನ ವಿಮಾನ ಹತ್ತಿತು.

ನಾನು ಮಂಚದ ಮೇಲೆ ಬಿದ್ದು ಗೋಡೆಯ ಕಡೆ ತಿರುಗಿ ಮಲಗಿದೆ. ಎತಿದಾಲ್ ಚಹಾ ತಂದಿಟ್ಟು ಪಕ್ಕದಲ್ಲಿ ಕೂತಳು. "ಹೋಗಲಿ ಬಿಡಿ. ಇಷ್ಟು ಗೋಳಾಡ್ತೀರಲ್ಲ, ಆ ಮದುವೇಲಿ ಅವಳು ಹೇಗೆ ಹಾಡಿದ್ಲು? ಒಂದು ಸಾಲು ಹಾಡಿ ತೋರಿಸಿ ನೋಡೋಣ."

ಬಾಯಿ ತೆರೆದೆ. ಮೊದಲ ಕೆಮ್ಮು ನೆನಪಿತ್ತು. ತಟ್ಟೆ ಯಾವ ಕಡೆಯಿಂದ ಬಿತ್ತೆಂದು ನೆನಪಿತ್ತು. ನವಿಲನ್ನಂತೂ ಹಾಗೇ ಕೂಗಿ ತೋರಿಸಬಲ್ಲೆ. ಹಾಡು? ಹಾಡು ಹೇಗಿತ್ತು? ತಲೆಯೊಳಗೆ ಹುಡುಕಿದೆ, ಹುಡುಕಿದೆ... ಬಾಯಿ ಮುಚ್ಚಿದೆ. ಹಲ್ಲು ಜುಮ್ಮೆಂದಿತು.

"ಹೂಂ," ಎಂದಳು ಎತಿದಾಲ್, ಥೇಟ್ ವಹ್ಬಿ ಎಫೆಂದಿಯ ಹಾಗೆ.

ಕತೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಹಬ್ಬಕ್ಕೆ ಬಯೂಮಿ ಬಂದ! ಮೆಟ್ಟಿಲ ಕೆಳಗೆ ನಿಂತು "ಅಮ್ಮಾ!" ಎಂದು ಕೂಗಿದಾಗ ಅತ್ತೆ ಓಡಿದ ಓಟವನ್ನು ನೀವು ನೋಡಬೇಕಿತ್ತು, ಮಂಡಿನೋವೆಂದು ನನ್ನಿಂದ ಎಷ್ಟು ಬುಟ್ಟಿ ತರಕಾರಿ ಹೊರಿಸಿದ್ದರೋ! ತಬ್ಬಿಕೊಂಡು, ಅತ್ತು, ಎರಡು ಗುದ್ದು ಕೊಟ್ಟು, ಮತ್ತೆ ತಬ್ಬಿಕೊಂಡರು.

"ಆ ಟೇಪು ಕೇಳಿದ ಮೇಲೆ ಅಲ್ಲಿರೋಕಾಗಲಿಲ್ಲ ಭಾವ," ಎಂದ ಬಯೂಮಿ. "ನಮ್ಮ ಬಿಡಾರದ ಹುಡುಗರೆಲ್ಲ ಕೂತು ಕೇಳಿದ್ರು. ಅಮ್ಮನ ಮಾತನ್ನ ಎಲ್ಲಾರೂ ನಕಲು ಮಾಡ್ಕೊಂಡ್ರು."

ನಾನು ಆಸೆಯಿಂದ ಕೇಳಿದೆ. "ಮೊದಲಲ್ಲಿ ಒಂದು ಹಾಡಿತ್ತಲ್ಲ?"

"ಹಾಂ, ಯಾವಳೋ ಹೆಂಗಸು ಹಾಡ್ತಿದ್ಲು. ಅಮ್ಮ ಬರೋವರೆಗೂ ಓಡಿಸಿಬಿಟ್ಟೆ. ಆಮೇಲೆ ಆ ಜಾಗದಲ್ಲಿ ನನ್ನ ಉತ್ತರ ತುಂಬಿದ್ದೆ. ನಾನೇ ಬರೋದಾಯ್ತಲ್ಲ, ಅಲ್ಲೇ ಬಿಟ್ಟುಬಂದೆ."

ದುಃಖದಲ್ಲಿ ನಾನು ಅವನು ತಂದ ಟಾಫಿಯೊಂದನ್ನು ಬಾಯಿಗೆ ಹಾಕಿ ಬಲವಾಗಿ ಕಡಿದೆ. ಬಲದವಡೆಯಲ್ಲಿ. ಆ ಟಾಫಿ ಅರೇಬಿಯಾದ ಬಂಡೆಯಿಂದ ಕೆತ್ತಿದ್ದು! ಕಣ್ಣ ಮುಂದೆ ಕುವೈತು, ಬಸ್ರಾ, ಬಾಗ್ದಾದು ಎಲ್ಲ ಹೊಳೆದು ಹೋದವು.

ಹಾಗೆ, ಒಂದು ಗುರುವಾರ ಸಂಜೆಗೆ ಮುಂಚೆ, ನಾನು ಡಾಕ್ಟರ್ ನಸೀಮರ ಕುರ್ಚಿಯಲ್ಲಿ ಎರಡನೇ ಸಲ ಕೂತೆ. ಪೆಡಲ್ ಗುಸ್ ಗುಸ್ ಎಂದಿತು. ದೀಪ ಬೆಳಗಿತು. ಪ್ರತಿಜ್ಞೆ ಮಾತ್ರ ನನ್ನ ಬಾಯಿಯೊಳಗೆ ಹತ್ತಿಯ ಜೊತೆ ಮುದ್ದೆಯಾಗಿತ್ತು. ಎತಿದಾಲ್ ಬೆಂಚಿನಲ್ಲಿ ಕೂತಿದ್ದಳು. ಬಯೂಮಿ ತಂದುಕೊಟ್ಟ ಹೊಸ ರೇಡಿಯೋವನ್ನು ಕಂಕುಳಲ್ಲಿ ಕೂಸಿನಂತೆ ಎತ್ತಿಕೊಂಡೇ ಬಂದಿದ್ದಳು. ನನ್ನಂಥವನು ಓಡಾಡುವ ಲೋಕದಲ್ಲಿ ಅದನ್ನು ಒಂಟಿಯಾಗಿ ಬಿಡುವ ಧೈರ್ಯ ಅವಳಿಗಿರಲಿಲ್ಲ. ಕೇಳುಗರೂ ಒಬ್ಬೊಬ್ಬರಾಗಿ ಸೇರುತ್ತಿದ್ದರು.

"ಬಾಯಿ ತೆರೆದೇ ಇರಬೇಕು," ಎಂದರು ಡಾಕ್ಟರ್ ನಸೀಮ್. "ಮಾತಾಡಿದ್ಯೋ, ಹಲ್ಲಿನ ಬದಲು ನಾಲಿಗೆ ಬರುತ್ತೆ."

ಎತಿದಾಲ್ ರೇಡಿಯೋದ ಕಿವಿ ಹಿಂಡಿದಳು. ಗುಲ್ಫಿದಾನ್! ಅದೇ ಹಾಡು, ಊರೆಲ್ಲ ಬಲ್ಲ, ಕೆಮ್ಮಿಲ್ಲದ, ನವಿಲಿಲ್ಲದ, ಗಿರಾಕಿಗಳ ಹಾಡು. 'ಅಯ್ಯೋ, ಇದು ಕತ್ತರಿಸಿದ ಆವೃತ್ತಿ' ಎಂದು ಹೇಳಹೊರಟೆ. ಹತ್ತಿ ಬಿಡಲಿಲ್ಲ. 'ಕೊಳಲಿನವನು ಬೇರೆ' ಎನ್ನಹೊರಟೆ. ಇಕ್ಕಳ ಬಿಡಲಿಲ್ಲ. ಬೇರೆ ದಾರಿಯಿಲ್ಲದೆ, ಬಾಯಿ ತೆರೆದುಕೊಂಡು, ಮಲಗಿ, ಕೇಳಿದೆ.

ಅವಳು ಆ ಸಾಲಿಗೆ ಬಂದಳು. ಬರ್ತೀನಿ ಅಂದಿದ್ದೆ. ಮೊದಲು ಸುಮ್ಮನೆ ಹೇಳಿದಳು, ಲೆಕ್ಕಕ್ಕಿಲ್ಲದಂತೆ. ಎರಡನೇ ಸಲ ಗದರಿದಳು. ಮೂರನೇ ಸಲ ದನಿ ಏರುತ್ತದೆಂದು ಕಾದೆ, ಏರಲಿಲ್ಲ. ತಣ್ಣಗಾದ ಊಟದ ತಟ್ಟೆಯನ್ನು ಒಳಗೆ ತೆಗೆದಿಡುವವಳಂತೆ ಮೆಲ್ಲಗೆ ಕೆಳಗಿಟ್ಟಳು. ಅತ್ತೆ ಇಟ್ಟ ಹಾಗೇ. ಇದು ಯಾವಾಗಲೂ ಹೀಗೇ ಇತ್ತೇ? ಮದುವೆಯಾದ ಹೊಸದರಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತ ಎತಿದಾಲ್ ಇದನ್ನೇ ಗುನುಗುತ್ತಿದ್ದಳು, ನಾನು ಬೀದಿಯಲ್ಲೇ ನಿಂತು ಕೇಳುತ್ತಿದ್ದೆ; ಆಗ ನನ್ನ ಹತ್ತಿರ ಒಂದು ಕ್ಯಾಸೆಟ್ಟೂ ಇರಲಿಲ್ಲ. ನನ್ನ ಕಣ್ಣಂಚಿನಿಂದ ಏನೋ ಇಳಿದು ಕಿವಿಯೊಳಗೆ ಹೋಯಿತು.

"ಆ..." ಎಂದೆ.

"ನೋವಾ?" ಎಂದರು ಡಾಕ್ಟರು, ಇಕ್ಕಳ ಎತ್ತಿ ತೋರಿಸುತ್ತ. "ಹಲ್ಲು ಕಿತ್ತು ಬಂದು ಆಗಲೇ ಬಹಳ ಹೊತ್ತಾಯ್ತಲ್ಲ!"

"ನೋವಲ್ಲ ಅದು," ಎಂದರು ವಹ್ಬಿ ಎಫೆಂದಿ, ಕಣ್ಣು ಮುಚ್ಚಿಕೊಂಡೇ. "ಈಗ ಕೇಳಿಸಿತು ಇವನಿಗೆ."

ಎತಿದಾಲ್ ಎದ್ದು ಬಂದು ನನ್ನ ಬಾಯಿಯೊಳಗೆ ಇಣುಕಿ ನೋಡಿದಳು. "ಇಷ್ಟು ಹೇಳೋಕೆ ನನ್ನ ಹಳೇ ರೇಡಿಯೋ ಹೋಗಬೇಕಿತ್ತೇನ್ರೀ?"

ಉತ್ತರಿಸೋಣವೆಂದರೆ ಬಾಯಿ ತುಂಬ ಹತ್ತಿ. ಅಷ್ಟರಲ್ಲಿ ಕುರ್ಚಿಯ ಹಿಂದಿನಿಂದ ಕೋಟಿನ ಜೇಬೊಂದು 'ಟಕ್' ಎಂದಿತು. ಶುಕ್ರಿ ತನ್ನ ರೆಕಾರ್ಡರನ್ನು ಹೊರತೆಗೆದು, ತಿರುವಿ ನೋಡಿ, ತಲೆ ಚಚ್ಚಿಕೊಂಡು ನನ್ನ ಮುಖದ ಮೇಲೆ ಬಾಗಿದ.

"ರಾಗಿಬ್, ಮಹಾರಾಯಾ, ನಿನ್ನ ದಮ್ಮಯ್ಯ, ಇನ್ನೊಂದು ಸಲ 'ಆ' ಅನ್ನು! ಟೇಪಿಗೆ ಹತ್ತಲೇ ಇಲ್ಲ! ಹಾಳಾದ್ದು, ತೂತಿಗೆ ಪ್ಲಾಸ್ಟರ್ ಹಚ್ಚೋದೇ ಮರೆತುಬಿಟ್ಟಿದ್ದೆ!"